ಗುವಾಹಟಿಯಲ್ಲಿ ಕೈಬಿಟ್ಟ ಮೂರು ಅಂಕ: ಸ್ಟಿಮ್ಯಾಚ್ ಅವರ ಐದು ವರ್ಷಗಳ ಲೆಕ್ಕ

2024ರ ಜೂನ್ 11. ಅಂದು ಮೈಸೂರಿನಲ್ಲಿ ಫುಟ್‌ಬಾಲ್ ಮಾತಿಗೆ ಕಿವಿಗೊಡುವವರೇ ಇರಲಿಲ್ಲ. ನಗರದಲ್ಲಿ ಬೆಳಗ್ಗೆ ನಟರೊಬ್ಬರ ಬಂಧನವಾಗಿತ್ತು; ಹೋಟೆಲುಗಳ ಟಿ.ವಿ.ಗಳಲ್ಲೆಲ್ಲ ಅದೇ ಸುದ್ದಿ ತಿರುತಿರುಗಿ ಬರುತ್ತಿತ್ತು. ಪಕ್ಕದ ಮಂಡ್ಯದವರಿಗೆ ತಮ್ಮ ಹೊಸ ಸಂಸದರು ಕೇಂದ್ರ ಸಚಿವರಾದ ಸಂಭ್ರಮ. ರಾತ್ರಿ ಒಂಬತ್ತೂಕಾಲಿಗೆ ದೋಹಾದಲ್ಲಿ ಭಾರತ–ಕತಾರ್ ಪಂದ್ಯ ಶುರುವಾದಾಗ ಸರಸ್ವತಿಪುರಂನ ಹೋಟೆಲೊಂದರ ಮೂಲೆಯ ಮೇಜಿನಲ್ಲಿ, ಸಕ್ಕರೆ ಡಬ್ಬಿಗೆ ಮೊಬೈಲ್ ಆನಿಸಿಟ್ಟುಕೊಂಡು ಕುಳಿತಿದ್ದವರು ನಾವು ಮೂವರೇ.

37ನೇ ನಿಮಿಷದಲ್ಲಿ ಭಾರತದ ಛಾಂಗ್ಟೆ ಗೋಲು ಹೊಡೆದರು. ಏಷ್ಯಾದ ಚಾಂಪಿಯನ್ನರ ಎದುರು, ಅವರದೇ ನೆಲದಲ್ಲಿ ಭಾರತ ಮುಂದಿತ್ತು. 73ನೇ ನಿಮಿಷದಲ್ಲಿ ಕತಾರಿನ ಒಂದು ಹೆಡರ್ ಅನ್ನು ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಕಂಬದ ಪಕ್ಕದಿಂದ ಉರುಳಿ ಗೆರೆ ದಾಟಿ ಮೈದಾನದ ಹೊರಗೆ ಹೋಯಿತು. ಕತಾರಿನ ಆಟಗಾರನೊಬ್ಬ ಅದನ್ನು ಕಾಲಿನಿಂದ ಒಳಗೆಳೆದ, ಯೂಸುಫ್ ಅಯ್ಮನ್ ಬಲೆಗೆ ತಳ್ಳಿದರು. ರೆಫರಿ ಗೋಲು ಎಂದರು. ಅರ್ಹತಾ ಪಂದ್ಯಾವಳಿಯ ಆ ಹಂತದಲ್ಲಿ ವಿಡಿಯೊ ರೆಫರಿಯ ವ್ಯವಸ್ಥೆ ಇರಲಿಲ್ಲ. 85ನೇ ನಿಮಿಷದಲ್ಲಿ ಅಲ್ ರಾವಿ ಇನ್ನೊಂದು ಗೋಲು ಹೊಡೆದರು. 2–1. ಭಾರತದ ವಿಶ್ವಕಪ್ ಅರ್ಹತಾ ಯಾತ್ರೆ ಮುಗಿಯಿತು. ಆರು ದಿನಗಳ ನಂತರ, ಜೂನ್ 17ರಂದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ರಾಷ್ಟ್ರೀಯ ತಂಡದ ಕೋಚ್ ಇಗೋರ್ ಸ್ಟಿಮ್ಯಾಚ್ ಅವರನ್ನು ವಜಾ ಮಾಡಿತು.

ನನ್ನ ಜೊತೆಗಿದ್ದ ಗೆಳೆಯ ಅಂದಿನಿಂದ ಇಂದಿನವರೆಗೆ ಒಂದೇ ಮಾತು ಹೇಳುತ್ತಾನೆ: ‘ಅವನನ್ನು ರೆಫರಿ ಮನೆಗೆ ಕಳುಹಿಸಿದ.’ ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅದು ಗೋಲಲ್ಲ, ಯಾರು ಎಷ್ಟು ಸಲ ತೋರಿಸಿದರೂ ಗೋಲಲ್ಲ. ಆದರೆ ಒಬ್ಬ ಕೋಚ್‌ನ ಐದು ವರ್ಷವನ್ನು ಆ ಒಂದು ಕ್ಷಣದ ಕಿಟಕಿಯಿಂದ ನೋಡಿದರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ವಾದ.

ನಾನು ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು. ಭಾರತದ ಪ್ರತಿಯೊಂದು ಪಂದ್ಯವನ್ನೂ ದಪ್ಪ ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಚಟ ನನಗಿದೆ. ಕಿರಾಣಿ ಅಂಗಡಿಯವರು ಸಾಲ ಬರೆದುಕೊಳ್ಳುವಂಥ ಪುಸ್ತಕ. ಎಡಗಡೆ ದಿನಾಂಕ, ಊರು, ಎದುರಾಳಿ. ಬಲಗಡೆ ಗೋಲು, ಹೊಡೆದವರು, ಹೇಗೆ ಎಂಬುದು. ಪೆನಾಲ್ಟಿಯಾದರೆ ‘ಪೆ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಈ ಬರಹದ ಬಹುಪಾಲು ಆ ಬಲಗಡೆಯ ಕಾಲಂನಿಂದ ಹುಟ್ಟಿದ್ದು.

ಮೊದಲು ಅಂಕಗಳ ಲೆಕ್ಕ ಮುಗಿಸಿಬಿಡೋಣ. ಭಾರತವಿದ್ದ ಅರ್ಹತಾ ಗುಂಪಿನಲ್ಲಿ ಕತಾರ್ ಮೊದಲನೆಯದು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೂರನೇ ಸುತ್ತಿಗೆ ಒಯ್ಯುವ ಎರಡನೆಯ ಜಾಗಕ್ಕೆ ಪೈಪೋಟಿ. ಕೊನೆಗೆ ಕುವೈತ್‌ಗೆ 7 ಅಂಕ, ಭಾರತಕ್ಕೆ 5, ಆಫ್ಘಾನಿಸ್ತಾನಕ್ಕೂ 5. ದೋಹಾದ ಅದೇ ರಾತ್ರಿ ಕುವೈತ್ ತಂಡವು ಆಫ್ಘಾನಿಸ್ತಾನವನ್ನು 1–0ಯಿಂದ ಸೋಲಿಸಿತ್ತು. ಹಾಗಾಗಿ ಭಾರತಕ್ಕೆ ದೋಹಾದಲ್ಲಿ ಗೆಲುವೇ ಬೇಕಿತ್ತು, ಡ್ರಾ ಸಾಲುತ್ತಿರಲಿಲ್ಲ. ಅಯ್ಮನ್ ಅವರ ಗೋಲನ್ನು ಅಳಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟರೆ ಪಂದ್ಯ 1–1. ಭಾರತಕ್ಕೆ 6 ಅಂಕ. ಆಗಲೂ ಹೊರಗೆ. ಆ ಗೋಲು ಇಲ್ಲದಿದ್ದರೆ ಆಟದ ಹದವೇ ಬೇರೆಯಾಗುತ್ತಿತ್ತು ಎಂದು ಗೆಳೆಯ ವಾದಿಸುತ್ತಾನೆ. ಇರಬಹುದು. ಆದರೆ ಪುಸ್ತಕದಲ್ಲಿ ಒಂದು ಪುಟ ಹಿಂದೆ ತಿರುವಿದರೆ ಯಾವ ಊಹೆಯೂ ಬೇಕಿಲ್ಲದ ಒಂದು ಸಾಲು ಸಿಗುತ್ತದೆ.

2024ರ ಮಾರ್ಚ್ 26, ಗುವಾಹಟಿ, ಆಫ್ಘಾನಿಸ್ತಾನ. ಅದು ನಾಯಕ ಸುನಿಲ್ ಚೆಟ್ರಿ ಅವರ 150ನೇ ಅಂತರರಾಷ್ಟ್ರೀಯ ಪಂದ್ಯ. ಮೊದಲಾರ್ಧದಲ್ಲೇ ಅವರು ಪೆನಾಲ್ಟಿಯಿಂದ ಗೋಲು ಹೊಡೆದಿದ್ದರು. ಎದುರಿಗಿದ್ದದ್ದು ವಿಶ್ವ ರ್‍ಯಾಂಕಿಂಗ್‌ನಲ್ಲಿ 158ನೇ ಸ್ಥಾನದ ತಂಡ; ಅದರ ಹಲವು ಹಿರಿಯ ಆಟಗಾರರು ತಮ್ಮ ಫೆಡರೇಷನ್ ಮೇಲಿನ ಮುನಿಸಿನಿಂದ ಬಂದೇ ಇರಲಿಲ್ಲ. 70ನೇ ನಿಮಿಷದವರೆಗೆ ಭಾರತ ಮುಂದಿತ್ತು. ಆಮೇಲೆ ಒಂದು ಗೋಲು ಬಿಟ್ಟುಕೊಟ್ಟಿತು, ಕೊನೆಗಳಿಗೆಯಲ್ಲಿ ಒಂದು ಪೆನಾಲ್ಟಿ ಕೊಟ್ಟಿತು. 1–2. ಅಂದು ಗೆದ್ದಿದ್ದರೆ ಭಾರತದ ಒಟ್ಟು ಅಂಕ 8 ಆಗುತ್ತಿತ್ತು, ಕುವೈತ್ 7ರಲ್ಲೇ ಉಳಿಯುತ್ತಿತ್ತು, ದೋಹಾದ ರೆಫರಿ ಏನು ಬೇಕಾದರೂ ಊದಿಕೊಳ್ಳಬಹುದಿತ್ತು. ಗುವಾಹಟಿಗೆ ಐದು ದಿನ ಮುಂಚೆ ಸೌದಿಯ ಅಭಾದಲ್ಲಿ ಇದೇ ಆಫ್ಘಾನಿಸ್ತಾನದ ವಿರುದ್ಧ ಭಾರತ 0–0 ಡ್ರಾ ಮಾಡಿಕೊಂಡಿತ್ತು.

ಕನ್ನಡಿಗರಿಗೆ ಆ ಸೋಲಿನಲ್ಲಿ ಇನ್ನೊಂದು ಮುಳ್ಳಿತ್ತು. ಆಫ್ಘಾನಿಸ್ತಾನದ ಕೋಚ್ ಆ್ಯಶ್ಲಿ ವೆಸ್ಟ್‌ವುಡ್. ಚೆಟ್ರಿ ಆಡಿದ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಅವರೇ. ಕ್ಲಬ್ ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದುಕೊಟ್ಟವರು. ಚೆಟ್ರಿ ಅವರ ಕಾಲು ಯಾವಾಗ ಎತ್ತ ಹೊರಳುತ್ತದೆ ಎಂಬುದು ಅವರಷ್ಟು ಇನ್ನಾವ ಎದುರಾಳಿ ಕೋಚ್‌ಗೆ ಗೊತ್ತಿತ್ತು? ಚೆಟ್ರಿಯನ್ನು ಕಟ್ಟಿಹಾಕಿದರೆ ಭಾರತವನ್ನು ಕಟ್ಟಿಹಾಕಿದಂತೆ ಎಂಬುದನ್ನು ತಿಳಿಯಲು ವೆಸ್ಟ್‌ವುಡ್ ಆಗಿರಬೇಕಾಗಿಯೂ ಇರಲಿಲ್ಲ.

ಪ್ರಕರಣದ ತಿರುಳು ಇಲ್ಲಿದೆ. ಸ್ಟಿಮ್ಯಾಚ್ 2019ರ ಮೇ ತಿಂಗಳಲ್ಲಿ ಬಂದಾಗ ಚೆಟ್ರಿ ಹೆಸರಿನಲ್ಲಿ 67 ಗೋಲುಗಳಿದ್ದವು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧದ 0–0 ಪಂದ್ಯದೊಂದಿಗೆ ಚೆಟ್ರಿ ವಿದಾಯ ಹೇಳಿದಾಗ 94. ಅಂದರೆ ಸ್ಟಿಮ್ಯಾಚ್ ಕಾಲದಲ್ಲೇ 27. ಅವರು ಬಂದಾಗ ಚೆಟ್ರಿಗೆ 34 ವರ್ಷ, ಹೋಗುವಾಗ 39. ಕೋಚ್ ಹುದ್ದೆಗೆ ಬಂದ ಮೊದಲ ದಿನವೇ ಯಾರಿಗಾದರೂ ಕಾಣುವ ಪ್ರಶ್ನೆ ಇದು: ಈ ಮನುಷ್ಯನ ನಂತರ ಗೋಲು ಹೊಡೆಯುವವರು ಯಾರು? ಐದು ವರ್ಷ ಕಳೆದರೂ ನನ್ನ ಪುಸ್ತಕದ ಬಲಗಡೆಯ ಕಾಲಂ ಇದಕ್ಕೆ ಉತ್ತರ ಕೊಡಲಿಲ್ಲ. 2023ರ ನವೆಂಬರ್ 16ರಂದು ಕುವೈತ್ ನಗರದಲ್ಲಿ ಮನ್ವೀರ್ ಸಿಂಗ್ ಗೋಲು ಹೊಡೆದು ಗೆಲ್ಲಿಸಿದರು. ಅಲ್ಲಿಂದ ದೋಹಾದಲ್ಲಿ ಛಾಂಗ್ಟೆ ಹೊಡೆಯುವವರೆಗೆ ನಡುವೆ ಏಳು ಪಂದ್ಯಗಳು. ಏಳರಲ್ಲಿ ಭಾರತದ್ದು ಒಂದೇ ಗೋಲು: ಗುವಾಹಟಿಯ ಆ ಪೆನಾಲ್ಟಿ. ಏಳು ತಿಂಗಳಲ್ಲಿ ಆ ಕಾಲಂನಲ್ಲಿ ಒಂದು ಕೆಂಪು ‘ಪೆ’ ಬಿಟ್ಟರೆ ಬೇರೆ ಶಾಯಿಯೇ ಇಲ್ಲ.

ಆ ಏಳರಲ್ಲಿ ಮೂರು ಪಂದ್ಯಗಳು 2024ರ ಜನವರಿಯ ಏಷ್ಯಾ ಕಪ್‌ನವು. ಆಸ್ಟ್ರೇಲಿಯಾ 0–2, ಉಜ್ಬೇಕಿಸ್ತಾನ 0–3, ಸಿರಿಯಾ 0–1. 2011ರಲ್ಲೂ ಭಾರತ ಮೂರೂ ಪಂದ್ಯ ಸೋತಿತ್ತು, ಆದರೆ ಮೂರು ಗೋಲು ಹೊಡೆದಿತ್ತು. 1984ರಲ್ಲಿ ಗೋಲು ಬರಲಿಲ್ಲ, ಆದರೆ ಇರಾನ್ ವಿರುದ್ಧ ಡ್ರಾ ಮಾಡಿ ಒಂದು ಅಂಕ ಗಿಟ್ಟಿಸಿತ್ತು. ಅಂಕವೂ ಇಲ್ಲದೆ ಗೋಲೂ ಇಲ್ಲದೆ ಬರಿಗೈಯಲ್ಲಿ ಮರಳಿದ್ದು ಇದೇ ಮೊದಲು. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನಗಳನ್ನು ನಾನು ಸ್ಟಿಮ್ಯಾಚ್ ಖಾತೆಗೆ ಬರೆಯುವುದಿಲ್ಲ. ಅವರು ನಮಗಿಂತ ಎರಡು ಮೆಟ್ಟಿಲು ಮೇಲಿನವರು. ಸಿರಿಯಾ ಹಾಗಲ್ಲ.

ಇನ್ನು ಅವರ ಪರವಾಗಿ ಹೇಳಬೇಕಾದ್ದು. ಅದು ಕಡಿಮೆಯೇನಿಲ್ಲ.

1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾ ತಂಡದ ಡಿಫೆಂಡರ್ ಅವರು. ಹಿಂದಿನ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಬಿಟ್ಟುಹೋದ ತಂಡ ಉದ್ದನೆ ಚೆಂಡು ಬಾರಿಸಿ ಹಿಂದೆ ಓಡುವ ತಂಡವಾಗಿತ್ತು. ಸ್ಟಿಮ್ಯಾಚ್ ಗೋಲ್‌ಕೀಪರ್‌ನಿಂದಲೇ ಪಾಸ್ ಕಟ್ಟಿಕೊಂಡು ಬರುವುದನ್ನು ಕಲಿಸಲು ಹೊರಟರು. ಶುರುವಿನಲ್ಲಿ ಅದರ ಬೆಲೆ ತೆರಬೇಕಾಯಿತು: ಅಹಮದಾಬಾದಿನಲ್ಲಿ ತಜಿಕಿಸ್ತಾನ 4–2, ಉತ್ತರ ಕೊರಿಯಾ 5–2. ಅದರ ಬೆನ್ನಲ್ಲೇ, 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಕತಾರ್ ವಿರುದ್ಧ 0–0. ಚೆಟ್ರಿ ಜ್ವರದಿಂದ ಆಡಿರಲಿಲ್ಲ, ಗುರುಪ್ರೀತ್ ಗೋಡೆಯಂತೆ ನಿಂತಿದ್ದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆಮೇಲೆ ಕೋವಿಡ್ ಬಂತು. 2019ರ ನವೆಂಬರ್‌ನಿಂದ 2021ರ ಮಾರ್ಚ್‌ವರೆಗೆ ಒಂದೂ ಪಂದ್ಯವಿಲ್ಲ. ಹೊಸ ಆಟ ಕಲಿಸುವ ಮೇಷ್ಟ್ರಿಗೆ ಹದಿನಾರು ತಿಂಗಳು ಶಾಲೆಯೇ ಮುಚ್ಚಿದಂತೆ.

ಹೊಸಬರನ್ನು ನಂಬುವುದರಲ್ಲಿ ಅವರು ಹಿಂಜರಿಯಲಿಲ್ಲ. ಸಹಲ್ ಅಬ್ದುಲ್ ಸಮದ್, ಆಕಾಶ್ ಮಿಶ್ರಾ, ಜೀಕ್ಸನ್ ಸಿಂಗ್ ಅವರ ಕಾಲದಲ್ಲೇ ರಾಷ್ಟ್ರೀಯ ತಂಡಕ್ಕೆ ಬಂದರು. ಹೃದಯದ ತೊಂದರೆಯಿಂದ ಆಟವೇ ಮುಗಿಯಿತೇನೋ ಎಂಬಂತಾಗಿದ್ದ ಅನ್ವರ್ ಅಲಿ 2022ರಲ್ಲಿ ಭಾರತದ ಅಂಗಿ ತೊಟ್ಟು ರಕ್ಷಣೆಯ ಕಂಬವಾದರು. ಆದರೆ ಈ ಹೆಸರುಗಳನ್ನು ಮತ್ತೊಮ್ಮೆ ಓದಿ. ಮಿಡ್‌ಫೀಲ್ಡರ್, ಡಿಫೆಂಡರ್, ಮಿಡ್‌ಫೀಲ್ಡರ್, ಡಿಫೆಂಡರ್.

ಸ್ಟ್ರೈಕರ್ ಎಲ್ಲಿ ಎಂದು ಕೋಚ್ ಒಬ್ಬರನ್ನೇ ಕೇಳುವುದು ನ್ಯಾಯವಲ್ಲ ಎಂಬುದೂ ನಿಜ. ಇಂಡಿಯನ್ ಸೂಪರ್ ಲೀಗ್‌ನಲ್ಲಿ 2021–22ರಿಂದ ಒಂದು ತಂಡ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಕಣಕ್ಕಿಳಿಸಬಹುದಿತ್ತು. ದುಡ್ಡು ಕೊಡುವ ಕ್ಲಬ್ ಮೊದಲು ಕೊಳ್ಳುವುದು ಗೋಲು ಹೊಡೆಯುವವನನ್ನು. ಭಾರತದ ಹುಡುಗ ಮುನ್ನಡೆಯ ಆಟಗಾರನಾದರೆ ಅವನನ್ನು ಅಂಚಿಗೆ ತಳ್ಳುತ್ತಾರೆ, ಇಲ್ಲವೇ ಬೆಂಚಿನ ಮೇಲೆ ಕೂರಿಸುತ್ತಾರೆ. ವಾರವೆಲ್ಲ ಅಂಚಿನಲ್ಲಿ ಓಡಿದವನು ದೇಶದ ಪಂದ್ಯದಲ್ಲಿ ದಿಢೀರನೆ ಪೆನಾಲ್ಟಿ ಚೌಕದ ನಡುವೆ ನಿಂತು ಗೋಲು ಹೊಡೆಯಬೇಕು ಎಂದರೆ ಹೇಗೆ? ನಾನೂ ಈ ತಪ್ಪು ಮಾಡಿದ್ದೇನೆ. ನಮ್ಮ ಹುಡುಗರ ತಂಡದಲ್ಲಿ ಒಬ್ಬನಿದ್ದ. ಎರಡು ವರ್ಷ ಗೋಲುಗಳೆಲ್ಲ ಅವನವೇ. ನಾನು ಉಳಿದವರಿಗೆ ‘ಅವನಿಗೆ ಕೊಡಿ’ ಎಂದಷ್ಟೇ ಕಲಿಸಿದ್ದೆ. ಅವನು ಬೆಂಗಳೂರಿನ ಕಾಲೇಜಿಗೆ ಸೇರಿದ ಮರುವಾರ ನನ್ನ ಹುಡುಗರು ಚೆಂಡು ಹಿಡಿದುಕೊಂಡು ಸುತ್ತಮುತ್ತ ನೋಡುತ್ತಿದ್ದ ಬಗೆಯನ್ನು ನಾನು ಮರೆತಿಲ್ಲ.

ಶಿಬಿರದ ಮಾತು ಬಂದರೆ, ತಯಾರಿಗೆ ಸಾಕಷ್ಟು ದಿನ ಸಿಗುತ್ತಿಲ್ಲ ಎಂಬ ಸ್ಟಿಮ್ಯಾಚ್ ದೂರು ಪೂರ್ತಿ ನ್ಯಾಯವಾದದ್ದು. ಕೈಗೆ ವಾರಗಟ್ಟಲೆ ಆಟಗಾರರು ಸಿಕ್ಕಾಗಲೆಲ್ಲ ಅವರ ತಂಡ ಚೆನ್ನಾಗಿ ಆಡಿದೆ. 2022ರಲ್ಲಿ ನಮ್ಮ ಬಳ್ಳಾರಿಯಲ್ಲಿ ಶಿಬಿರ ಮಾಡಿ, ಅಲ್ಲಿಂದ ಕೋಲ್ಕತ್ತಕ್ಕೆ ಹೋಗಿ ಏಷ್ಯಾ ಕಪ್ ಅರ್ಹತೆಯ ಮೂರೂ ಪಂದ್ಯ ಗೆದ್ದರು: ಕಾಂಬೋಡಿಯಾ 2–0, ಆಫ್ಘಾನಿಸ್ತಾನ 2–1, ಹಾಂಗ್‌ಕಾಂಗ್ 4–0. 2023ರ ಬೇಸಿಗೆಯಲ್ಲೂ ಹಾಗೆಯೇ. ಭುವನೇಶ್ವರದಲ್ಲಿ ಲೆಬನಾನನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್, ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾದ ಚಾಂಪಿಯನ್‌ಷಿಪ್ ಆದ ಸ್ಯಾಫ್. ಏಷ್ಯಾ ಕಪ್‌ಗೆ ಮುನ್ನ ಮಾತ್ರ ಲೀಗಿನ ವೇಳಾಪಟ್ಟಿಯ ನಡುವೆ ಎರಡು ವಾರವಷ್ಟೇ ಸಿಕ್ಕಿತು. ಅನ್ವರ್, ಜೀಕ್ಸನ್, ಆಶಿಕ್ ಕುರುಣಿಯನ್ ಗಾಯಗೊಂಡು ಹೊರಗಿದ್ದರು. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ತೀರ್ಪು ಕೊಡುವವರು ಫುಟ್‌ಬಾಲನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದವರು.

ಆದರೆ ಆ ಬೇಸಿಗೆಯ ಹೊಳಪನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದರ ಮೇಲೆ ಎಷ್ಟು ಭಾರ ಹೊರಿಸಬಹುದು ಎಂಬುದೂ ಗೊತ್ತು. 2023ರ ಜೂನ್ 21, ಬುಧವಾರ. ಹೊಸ ದಶಪಥ ಹೆದ್ದಾರಿ ತೆರೆದು ಮೂರು ತಿಂಗಳಾಗಿತ್ತಷ್ಟೇ. ಮೈಸೂರಿನಿಂದ ನಾಲ್ವರು ಒಂದು ಕಾರಿನಲ್ಲಿ ಹೊರಟೆವು. ಮದ್ದೂರು ವಡೆಯ ಆಸೆಗೆ ಹಳೆಯ ರಸ್ತೆಗೆ ಇಳಿದು ಉಳಿಸಿದ ಸಮಯವನ್ನೆಲ್ಲ ಅಲ್ಲೇ ಕಳೆದೆವು. ಕಂಠೀರವ ಕ್ರೀಡಾಂಗಣದಲ್ಲಿ ಎಡೆಬಿಡದ ಮಳೆ. ಭಾರತ 4, ಪಾಕಿಸ್ತಾನ 0, ಚೆಟ್ರಿ ಹ್ಯಾಟ್ರಿಕ್. ಮರುದಿನ ಪತ್ರಿಕೆಗಳಲ್ಲಿ ಅಬ್ಬರ. ನನ್ನ ಪುಸ್ತಕದಲ್ಲಿ: ಮೊದಲ ಗೋಲು ಗೋಲ್‌ಕೀಪರ್ ಎಡವಟ್ಟು, ಎರಡನೆಯದು ಕೆಂಪು ‘ಪೆ’, ಮೂರನೆಯದು ಕೆಂಪು ‘ಪೆ’, ನಾಲ್ಕನೆಯದು ಉದಾಂತ. ಎದುರಾಳಿಗಳು ವೀಸಾ ತಡವಾಗಿ ಅದೇ ದಿನ ಬೆಂಗಳೂರಿಗೆ ಬಂದಿಳಿದಿದ್ದವರು.

ಅರ್ಧವಿರಾಮಕ್ಕೆ ತುಸು ಮುಂಚೆ ನಮ್ಮೆದುರಿನ ಅಂಚಿನಲ್ಲೊಂದು ನಾಟಕ ನಡೆಯಿತು. ಪಾಕಿಸ್ತಾನದ ಆಟಗಾರ ಥ್ರೋ ಎಸೆಯಲು ಚೆಂಡು ಎತ್ತಿ ಹಿಡಿದಿದ್ದ. ಕಪ್ಪು ಅಂಗಿಯ ದೊಡ್ಡ ಆಳು ಹಿಂದಿನಿಂದ ಬಂದು ಅದನ್ನು ತಟ್ಟಿ ಬೀಳಿಸಿತು. ಕ್ಷಣಾರ್ಧದಲ್ಲಿ ಹತ್ತಾರು ಜನ ಕೈಕೈ ಮಿಲಾಯಿಸಿದ್ದರು. ಸ್ಟಿಮ್ಯಾಚ್‌ಗೆ ಕೆಂಪು ಕಾರ್ಡ್. ಗ್ಯಾಲರಿ ಚಪ್ಪಾಳೆ ಹೊಡೆಯಿತು, ನಾನೂ ಹೊಡೆದೆ. ಒಂದು ಪಂದ್ಯ ಹೊರಗಿದ್ದು ಮರಳಿದವರು ಕುವೈತ್ ವಿರುದ್ಧ ಮತ್ತೆ ಕೆಂಪು ಕಾರ್ಡ್ ಪಡೆದರು. ಹಾಗಾಗಿ ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಬೆಂಚಿನಲ್ಲಿ ನಿಂತು ತಂಡ ನಡೆಸಿದ್ದು ಸಹಾಯಕ ಕೋಚ್ ಮಹೇಶ್ ಗಾವ್ಲಿ. ಎರಡನ್ನೂ ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಆ ರಾತ್ರಿ ಕಂಠೀರವದಲ್ಲಿ ಹಬ್ಬವೇ ಆಗಿತ್ತು. ಜುಲೈನಲ್ಲಿ ರ್‍ಯಾಂಕಿಂಗ್ 99ಕ್ಕೆ ಏರಿತು.

ಫೆಡರೇಷನ್ ಎಡವಿದ್ದು ಈ ಹಬ್ಬದ ಗುಂಗಿನಲ್ಲೇ. 2023ರ ಅಕ್ಟೋಬರ್‌ನಲ್ಲಿ, ಏಷ್ಯಾ ಕಪ್ ಎಂಬ ನಿಜವಾದ ಪರೀಕ್ಷೆಗೆ ಮೂರೇ ತಿಂಗಳಿರುವಾಗ, ಸ್ಟಿಮ್ಯಾಚ್ ಅವರ ಗುತ್ತಿಗೆಯನ್ನು 2026ರ ಜೂನ್‌ವರೆಗೆ ವಿಸ್ತರಿಸಿತು. ಕಟಾವಿಗೆ ಮೊದಲೇ ತೂಕದ ಚೀಟಿ ಬರೆದುಕೊಟ್ಟಂತೆ. ಮಂಡ್ಯದ ಕಬ್ಬಿನ ರೈತನನ್ನು ಕೇಳಿದ್ದರೂ ಇದು ಬೇಡ ಎನ್ನುತ್ತಿದ್ದ. ಎಂಟು ತಿಂಗಳಲ್ಲಿ ವಜಾ, ಅದರ ಹಿಂದೆ ಬಾಕಿ ಸಂಬಳದ ಜಗಳ, ಕೊನೆಗೆ ನಾಲ್ಕು ಲಕ್ಷ ಡಾಲರ್ ಕೊಟ್ಟು ರಾಜಿ. ಗೆದ್ದಾಗ ಕೊಂಡಾಡಿ ಸೋತಾಗ ಕಳುಹಿಸುವುದಕ್ಕೆ ಮೌಲ್ಯಮಾಪನ ಎನ್ನುವುದಿಲ್ಲ.

ಜ್ಯೋತಿಷಿಯ ವಿಷಯ ಬಿಡಬಾರದು, ಬೆಳೆಸಲೂ ಬಾರದು. 2022ರ ಅರ್ಹತಾ ಪಂದ್ಯಗಳ ಹೊತ್ತಿನಲ್ಲಿ ಅವರು ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳುಹಿಸಿ ಸಲಹೆ ಕೇಳಿದ್ದರೆಂದು 2023ರ ಸೆಪ್ಟೆಂಬರ್‌ನಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ವರದಿ ಮಾಡಿತು. ಬೋರ್‌ವೆಲ್ ಕೊರೆಸಲೂ ಮುಹೂರ್ತ ನೋಡುವ ನಮ್ಮೂರಿನಲ್ಲಿ ಇದರಿಂದ ಯಾರೂ ಬೆಚ್ಚಲಿಲ್ಲ. ನನಗೆ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಹನ್ನೊಂದು ಜನರನ್ನು ಆರಿಸುವ ಹೊತ್ತಿನಲ್ಲಿ ಕೋಚ್ ಎದುರು ಕುಳಿತು, ‘ಇವನು ಬೇಡ, ಅವನಿರಲಿ’ ಎಂದು ಆಟದ ಮಾತಿನಲ್ಲೇ ತಕರಾರು ತೆಗೆಯುವವರು ಇರಬೇಕು. ಆ ಜಾಗದಲ್ಲಿ ಗ್ರಹಗಳು ಕುಳಿತಿದ್ದವು.

ಒಟ್ಟು ಲೆಕ್ಕ ಹೀಗಿದೆ: 53 ಪಂದ್ಯ, 19 ಗೆಲುವು, 14 ಡ್ರಾ, 20 ಸೋಲು. ಎರಡು ಸ್ಯಾಫ್ ಸೇರಿ ನಾಲ್ಕು ಟ್ರೋಫಿ. 2021ರ ಮಾಲ್ಡೀವ್ಸ್‌ನ ಸ್ಯಾಫ್ ಬಿಟ್ಟರೆ ಉಳಿದ ಮೂರೂ ತವರಿನಲ್ಲಿ. ಬರುವಾಗ ರ್‍ಯಾಂಕಿಂಗ್ 101, ಹೋಗುವಾಗ 121. ಮೂರನೇ ಸುತ್ತಿಗೆ ಒಯ್ಯದಿದ್ದರೆ ನಾನೇ ಬಿಡುತ್ತೇನೆ ಎಂದು ಮಾರ್ಚ್‌ನಲ್ಲಿ ಹೇಳಿದ್ದವರು ಜೂನ್‌ನಲ್ಲಿ ತಾವಾಗಿ ಬಿಡಲಿಲ್ಲ. ನನ್ನ ಅಂಕಪಟ್ಟಿಯಲ್ಲಿ ಅವರಿಗೆ ರಕ್ಷಣೆಗೂ ನಡುಮೈದಾನಕ್ಕೂ ಒಳ್ಳೆಯ ಅಂಕ, ಮುನ್ನಡೆಗೆ ಫೇಲು. ವಜಾ ಮಾಡಿದ್ದು ತಪ್ಪಲ್ಲ. ಮಾರ್ಚ್ 27ರ ಬೆಳಗ್ಗೆ, ಗುವಾಹಟಿಯ ಸೋಲು ಬಿಸಿಯಾಗಿದ್ದಾಗಲೇ ಮಾಡಬೇಕಿತ್ತು. ಆಗ ಜೂನ್‌ನ ಎರಡು ಪಂದ್ಯಗಳಿಗೆ ಹೊಸಬನೊಬ್ಬ ಸಿಗುತ್ತಿದ್ದ. ದೋಹಾದ ಆ ಗೋಲು ಸ್ಟಿಮ್ಯಾಚ್ ಅವರಿಗೆ ಆಜೀವ ಸಮಜಾಯಿಷಿಯಾಗಿ ಒದಗುತ್ತಿರಲಿಲ್ಲ. ಹೀಗೆಂದಾಗ ಗೆಳೆಯ ಟೀ ಲೋಟ ಕೆಳಗಿಟ್ಟು, ‘ನಿನಗೆ ಆ ಗೋಲಿನ ನೋವೇ ಇಲ್ಲ’ ಎನ್ನುತ್ತಾನೆ. ಇದೆ. ಅದನ್ನೂ ಬರೆದಿಟ್ಟಿದ್ದೇನೆ, ಪಕ್ಕದಲ್ಲಿ ‘ಗೆರೆ ದಾಟಿತ್ತು’ ಎಂದು.

ಸ್ಟಿಮ್ಯಾಚ್ ನಂತರ ಬಂದ ಮಾನೊಲೊ ಮಾರ್ಕೆಸ್ ಎಫ್‌ಸಿ ಗೋವಾ ತಂಡವನ್ನೂ ನೋಡಿಕೊಳ್ಳುತ್ತಲೇ ಎಂಟು ಪಂದ್ಯಗಳಲ್ಲಿ ಒಂದನ್ನು ಗೆದ್ದು, 2025ರ ಜುಲೈನಲ್ಲಿ ಹೊರಟುಹೋದರು. ಆ ಒಂದು ಗೆಲುವು 2025ರ ಮಾರ್ಚ್ 19ರಂದು, ಶಿಲ್ಲಾಂಗ್‌ನಲ್ಲಿ, ಮಾಲ್ಡೀವ್ಸ್ ವಿರುದ್ಧ 3–0. ಅದಕ್ಕೂ ಒಂಬತ್ತು ತಿಂಗಳು ಹಿಂದೆ, ಕೋಲ್ಕತ್ತದ ವಿದಾಯದ ರಾತ್ರಿ, ನಾನು ಚೆಟ್ರಿ ಹೆಸರಿನ ಕೆಳಗೆ ಸ್ಕೇಲ್ ಇಟ್ಟು ಜೋಡಿ ಗೆರೆ ಎಳೆದಿದ್ದೆ. 94 ಎಂದು ಬರೆದು ಚೌಕ ಹಾಕಿದ್ದೆ. ಶಿಲ್ಲಾಂಗ್‌ನಲ್ಲಿ ಮೊದಲ ಗೋಲು ರಾಹುಲ್ ಭೆಕೆ, ಎರಡನೆಯದು ಲಿಸ್ಟನ್ ಕೊಲಾಸೊ. ಮೂರನೆಯದನ್ನು ಹೊಡೆದದ್ದು ನಿವೃತ್ತಿಯಿಂದ ಮರಳಿ ಕರೆಸಿಕೊಂಡಿದ್ದ ನಲವತ್ತರ ಚೆಟ್ರಿ. ಚೌಕದ ಮೇಲೆ ಅಡ್ಡಗೆರೆ ಹಾಕಿ, ಜಾಗವಿಲ್ಲದೆ ಅಂಚಿನಲ್ಲಿ 95 ಎಂದು ಬರೆದೆ.